ಲೋಟ ಅಲ್ಲೇ ಇರಲಿ, ಕೀಟ್ಲಿ ಬರಲಿ

(ಮಹಿಳಾ ವೇದಿಕೆಯ ಆನ್‌ಲೈನ್ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಮಾತಾಡಲು ಕರೆದಾಗ ಸಂಘಟಕರು, "ನೀವು ಐಟಿಯವರು, ಎಂ.ಟೆಕ್. ಓದಿದವರು, ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಬಗ್ಗೆ ಏನಾದರೂ ಹೇಳಿ" ಎಂದರು. "ಕಾಫಿ ಲೋಟದ ಬಗ್ಗೆ ಹೇಳಲೇ?" ಎಂದು ಕೇಳಿದೆ. ಎರಡು ನಿಮಿಷ ಫೋನಿನಲ್ಲಿ ಸದ್ದೇ ಇರಲಿಲ್ಲ. ಅಂದ ಹಾಗೆ, ನಾನು ಓದಿದ್ದು ಸುರತ್ಕಲ್‌ನಲ್ಲಿ. ಇಲ್ಲಿ ಯಾರಿಗೆ ಹೇಳಿದರೂ "ಓಹೋ, ಸೂರತ್‌ನಲ್ಲಾ?" ಎನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ!

ವಿಷಯ ಚಿಕ್ಕದು. ಮಂಡಿ ನೋವಿರುವವರು, ಸೊಂಟದ ಆಪರೇಷನ್ ಆದವರು, ಲಕ್ವ ಹೊಡೆದು ಒಂದು ಕೈ ಸೋತವರು, ಕೈ ನಡುಗುವವರು, ವಾಕರ್ ಅಥವಾ ವೀಲ್‌ಚೇರ್ ಬಳಸುವವರು ಮನೆಯೊಳಗೆ ನೀರು, ಮಜ್ಜಿಗೆ, ಕಾಫಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಒಯ್ಯಬೇಕು ಎಂಬುದು. ಅಡುಗೆಮನೆಯಿಂದ ಹಾಲ್‌ಗೆ ಹತ್ತು ಹೆಜ್ಜೆ. ನಮಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ವಾಕರ್ ಹಿಡಿದವರಿಗೆ ಎರಡೂ ಕೈ ಅದರ ಮೇಲಿರಬೇಕು. ಮೂರನೆಯ ಕೈ ದೇವರು ಕೊಟ್ಟಿಲ್ಲ.

ನಮ್ಮ ಅತ್ತೆಗೆ 74 ವರ್ಷ. ಎರಡು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೆಲ್ಲ ಓಡಾಡುತ್ತಾರೆ. ನಾನು, ನನ್ನ ಗಂಡ ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ, ಮಗ ಶಾಲೆಯಿಂದ ಬರುವ ಮೂರು ಗಂಟೆಯವರೆಗೆ ಅವರೊಬ್ಬರೇ. ಮಂಚದ ಪಕ್ಕ ಒಂದು ಲೀಟರ್ ಬಾಟಲಿ ತುಂಬಿಸಿಟ್ಟು ಹೋಗುತ್ತಿದ್ದೆವು. ಒಂದು ಏಪ್ರಿಲ್ ಸಂಜೆ ನೋಡಿದರೆ ಬಾಟಲಿಯಲ್ಲಿ ನೀರು ಹೆಚ್ಚು ಕಡಿಮೆ ಹಾಗೇ ಇತ್ತು. ಯಾಕಮ್ಮ ಎಂದು ಕೇಳಿದೆ. "ಆ ದೊಡ್ಡ ಬಾಟಲಿ ಎತ್ತಿ ಲೋಟಕ್ಕೆ ಬಗ್ಗಿಸೋಕೆ ಕೈ ನಡುಗುತ್ತೆ. ನೆಲಕ್ಕೆ ಚೆಲ್ಲಿದರೆ ನಾನೇ ಜಾರಬೇಕು. ಕುಡಿದರೆ ಬಾತ್‌ರೂಮಿಗೂ ಹೋಗಬೇಕು. ಬಾಯಾರಿಕೆನೇ ಆಗಲ್ಲ ಬಿಡು" ಎಂದರು.

ಬಾಯಾರಿಕೆ ಆಗುವುದಿಲ್ಲ ಎನ್ನುವುದರಲ್ಲಿ ಅರ್ಧ ನಿಜವಿದೆ. ವಯಸ್ಸಾದಂತೆ ಬಾಯಾರಿಕೆಯ ಅನುಭವವೇ ಕಡಿಮೆಯಾಗುತ್ತದೆ. ಉಳಿದ ಅರ್ಧ ಮಾತ್ರ ಭಯ. ಚೆಲ್ಲುವ ಭಯ, ಜಾರುವ ಭಯ, ಇನ್ನೊಬ್ಬರಿಗೆ ತೊಂದರೆ ಕೊಡುವ ಭಯ. ಆ ಭಯಕ್ಕೆ ಅವರು ಕಂಡುಕೊಂಡ ಪರಿಹಾರ ಕುಡಿಯದೇ ಇರುವುದು.

ನಾವಿರುವ ಊರು ಯಾವುದು ನೆನಪಿರಲಿ. 2010ರ ಮೇ 21ರಂದು ಅಹಮದಾಬಾದಿನಲ್ಲಿ 46.8 ಡಿಗ್ರಿ ಬಿಸಿಲಿತ್ತು. ಆ ಒಂದು ತಿಂಗಳಲ್ಲಿ ಈ ನಗರದಲ್ಲಿ ಎಂದಿಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ಅಧ್ಯಯನ ಮಾಡಿದವರು ಲೆಕ್ಕ ಹಾಕಿದರು. ಅದರ ನಂತರವೇ 2013ರಲ್ಲಿ ಇಲ್ಲಿನ ಮಹಾನಗರಪಾಲಿಕೆ ಹೀಟ್ ಆಕ್ಷನ್ ಪ್ಲಾನ್ ತಂದಿದ್ದು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಬಿಸಿಲು ಏರಿದರೆ ಈಗ ಎಚ್ಚರಿಕೆ ಬರುತ್ತದೆ, ನೀರು ಕುಡಿಯಿರಿ ಎಂದು ಹೇಳುತ್ತಾರೆ. ಆದರೆ ಮನೆಯೊಳಗೆ ಆ ನೀರು ಕುಡಿಯುವವರ ಕೈಗೆ ತಲುಪುವ ಹತ್ತು ಹೆಜ್ಜೆಯ ಜವಾಬ್ದಾರಿ ನಮ್ಮದೇ.

ಇನ್ನೊಂದು ಮಾತು. ಪಕ್ಕದ ಮನೆಯ ಗುಜರಾತಿ ಬೆನ್ ಮಧ್ಯಾಹ್ನದ ಹೊತ್ತು ಅತ್ತೆಯನ್ನು ಮಾತಾಡಿಸಲು ಬರುತ್ತಿದ್ದರು. ಆಮೇಲೆ ಬರುವುದು ಕಡಿಮೆಯಾಯಿತು. ಕಾರಣ ಕೇಳಿದರೆ, ಅತ್ತೆಯೇ "ಬರಬೇಡಿ, ಮಲಗಿರ್ತೀನಿ" ಎಂದು ಹೇಳಿದ್ದರಂತೆ. ಬಂದವರಿಗೆ ಒಂದು ಲೋಟ ಕಾಫಿ ಕೊಡಲಾಗದೆ ಕಳಿಸುವುದು ಅವರಿಗೆ ಸಾಧ್ಯವಿರಲಿಲ್ಲ. ಐವತ್ತು ವರ್ಷ ಮನೆಗೆ ಬಂದವರಿಗೆಲ್ಲ ಕಾಫಿ ಕೊಟ್ಟ ಕೈ ಅದು. ನಾವು "ನೀವು ಕೂತಿರಿ, ನಾವು ತರ್ತೀವಿ" ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ನಾವಿಲ್ಲದ ಹೊತ್ತಿನಲ್ಲಿ ಆ ಪ್ರೀತಿ ನೀರೂ ತರುವುದಿಲ್ಲ, ಕಾಫಿಯನ್ನೂ ತರುವುದಿಲ್ಲ. ಹಾಗಾಗಿ ಅವರು ತಾವೇ ತಂದುಕೊಳ್ಳುವಂತೆ ಮಾಡುವುದು ಹೇಗೆ ಎಂದು ಯೋಚಿಸಬೇಕಾಯಿತು.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಬರುತ್ತದೆ, ಐದೇ ನಿಮಿಷ ಸಹಿಸಿಕೊಳ್ಳಿ. ನಡೆಯುವಾಗ ಕಾಫಿ ಯಾಕೆ ಚೆಲ್ಲುತ್ತದೆ ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರೆಚೆಟ್ನಿಕೋವ್ ಮತ್ತು ಮೇಯರ್ ಎಂಬ ಇಬ್ಬರು ನಿಜವಾಗಿಯೂ ಸಂಶೋಧನೆ ಮಾಡಿದರು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ 2012ರಲ್ಲಿ ಅವರಿಗೆ ಬಂತು. ವಿಷಯ ಇಷ್ಟೇ. ಪ್ರತಿ ಪಾತ್ರೆಯಲ್ಲಿನ ದ್ರವಕ್ಕೂ ಅದರದ್ದೇ ಒಂದು ತೂಗಾಟದ ವೇಗವಿದೆ. ನಮ್ಮ ಹೆಜ್ಜೆಯ ಕುಲುಕಾಟ ಆ ವೇಗಕ್ಕೆ ಹತ್ತಿರ ಬಂದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ತುಳುಕಾಟ ಏರುತ್ತಾ ಹೋಗಿ ಚೆಲ್ಲುತ್ತದೆ.

ನಾನು ನಮ್ಮ ಮನೆಯ ಪಾತ್ರೆಗಳಿಗೆ ಇದೇ ಲೆಕ್ಕ ಹಾಕಿ ನೋಡಿದೆ. ಆರು ಸೆಂಟಿಮೀಟರ್ ಅಗಲದ ಸ್ಟೀಲ್ ಲೋಟದಲ್ಲಿ ಕಾಫಿ ಸೆಕೆಂಡಿಗೆ ಸುಮಾರು 4 ಸಲ ತೂಗುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಸುಮಾರು 2 ಸಲ. ನಾವು ನಡೆಯುವುದು ಸೆಕೆಂಡಿಗೆ ಸುಮಾರು 2 ಹೆಜ್ಜೆ. ಅಗಲ ಪಾತ್ರೆಯಲ್ಲಿ ಸಾರು ಒಯ್ಯುವಾಗ ಯಾಕೆ ಅಷ್ಟು ತುಳುಕುತ್ತದೆ ಎಂದು ಈಗ ಗೊತ್ತಾಯಿತಲ್ಲ? ಇನ್ನು ಪಾರ್ಕಿನ್ಸನ್ ಕಾಯಿಲೆಯ ನಡುಕ ಸೆಕೆಂಡಿಗೆ 4ರಿಂದ 6 ಸಲ. ಅದು ನಮ್ಮ ಲೋಟದ ವೇಗಕ್ಕೇ ಹತ್ತಿರ. ವಡೋದರಾದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಈ ಕಾಯಿಲೆಯಿದೆ. "ಎಷ್ಟು ಗಮನ ಕೊಟ್ಟರೂ ಚೆಲ್ಲುತ್ತಲ್ಲೇ" ಎಂದು ನೊಂದುಕೊಳ್ಳುತ್ತಿದ್ದರು. ಇದು ಗಮನದ ಪ್ರಶ್ನೆ ಅಲ್ಲ, ಲೋಟದ ಪ್ರಶ್ನೆ ಎಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು.

2017ರಲ್ಲಿ ಜಿವಾನ್ ಹಾನ್ ಎಂಬ ಕೊರಿಯಾದ ಯುವಕನಿಗೂ ಇದೇ ವಿಷಯಕ್ಕೆ ಇಗ್ನೊಬೆಲ್ ಬಂತು. ಹಿಂದು ಹಿಂದಕ್ಕೆ ನಡೆದರೆ ಕಾಫಿ ಕಡಿಮೆ ಚೆಲ್ಲುತ್ತದೆ ಎಂದು ಆತ ತೋರಿಸಿದ. ದಯವಿಟ್ಟು ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ! ನಮಗೆ ಉಪಯೋಗವಾಗುವುದು ಇನ್ನೊಂದು ಸಂಶೋಧನೆ. ದ್ರವದ ಮೇಲೆ ಕೆಲವೇ ಪದರ ನೊರೆ ಇದ್ದರೂ ತುಳುಕಾಟ ಬಹಳ ತಗ್ಗುತ್ತದೆ ಎಂದು ಪ್ರಿನ್ಸ್‌ಟನ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು 2015ರಲ್ಲಿ ತಿಳಿಸಿದರು. ನಮ್ಮ ನೊರೆ ಕಾಫಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ಲೋಟದ ಕೆಳಗೆ ಡಬರಿ ಇಡುವ ಪದ್ಧತಿಯೂ ಜಾಣತನದ್ದೇ. ತುಳುಕಿದ್ದು ಕೈಮೇಲೆ ಬೀಳದೆ ಡಬರಿಗೆ ಬೀಳುತ್ತದೆ.

ಇಷ್ಟಾದರೂ ನಿಜವಾದ ಪರಿಹಾರ ನನಗೆ ಕಂಡದ್ದು ಸಂಶೋಧನಾ ಪತ್ರಿಕೆಯಲ್ಲಿ ಅಲ್ಲ, ಅಹಮದಾಬಾದಿನ ರಸ್ತೆಯಲ್ಲಿ. ಇಲ್ಲಿ ಚಹಾ ಅಂಗಡಿಗೇ ಕೀಟ್ಲಿ ಎನ್ನುತ್ತಾರೆ. ಅಲ್ಲಿಂದ ಅಂಗಡಿ ಅಂಗಡಿಗೆ ಚಹಾ ಕೊಡಲು ಹೋಗುವವರು ತುಂಬಿದ ಗ್ಲಾಸುಗಳನ್ನು ಅಂಗೈಯಲ್ಲಿ ಹಿಡಿದು ರಸ್ತೆ ದಾಟುವುದಿಲ್ಲ. ಮುಚ್ಚಳವಿರುವ ಕೆಟಲ್ ಒಂದು ಕೈಯಲ್ಲಿ, ಖಾಲಿ ಗ್ಲಾಸು ಇನ್ನೊಂದು ಕೈಯಲ್ಲಿ. ಕುಡಿಯುವವರ ಮುಂದೆ ನಿಂತು ಸುರಿಯುತ್ತಾರೆ. ಇವತ್ತಿನ ನನ್ನ ಭಾಷಣದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತೆರೆದ ಲೋಟ ಮನೆಯೊಳಗೆ ಪ್ರಯಾಣ ಮಾಡಬಾರದು. ಮುಚ್ಚಿದ ಪಾತ್ರೆ ಹೋಗಲಿ, ಲೋಟ ಕುಡಿಯುವ ಜಾಗದಲ್ಲೇ ಕಾಯುತ್ತಿರಲಿ.

ಇದನ್ನು ಮನೆಯಲ್ಲಿ ಹೇಗೆ ಮಾಡುವುದು, ಒಂದೊಂದಾಗಿ ಹೇಳುತ್ತೇನೆ.

ಮೊದಲು ವಾಕರ್ ಬಳಸುವವರು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎತ್ತಿ ಎತ್ತಿ ಇಡುವ ಮಡಚುವ ವಾಕರ್. ಅದರ ಮೇಲೆ ಟ್ರೇ ಕೂರಿಸಿ ಲೋಟ ಇಟ್ಟರೆ ಪ್ರತಿ ಹೆಜ್ಜೆಗೂ ಕುಲುಕುತ್ತದೆ. ಬದಲಿಗೆ ಮುಂದಿನ ಅಡ್ಡಪಟ್ಟಿಯ ಮಧ್ಯಕ್ಕೆ ಗಟ್ಟಿ ಬಟ್ಟೆಯ ಜೇಬು ಹೊಲಿಸಿ ಕಟ್ಟಿ. ಅದರಲ್ಲಿ ಅರ್ಧ ಲೀಟರಿನ ತಿರುಪು ಮುಚ್ಚಳದ ಬಾಟಲಿ ಅಥವಾ ಚಿಕ್ಕ ಫ್ಲಾಸ್ಕ್ ನಿಲ್ಲಲಿ. ಭಾರವಾದ ಚೀಲವನ್ನು ವಾಕರಿನ ಒಂದು ಪಕ್ಕಕ್ಕೆ ನೇತುಹಾಕಬೇಡಿ, ಅದು ಆ ಕಡೆಗೆ ವಾಲುತ್ತದೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಭಾರ, ಹಾಗಾಗಿ ಅರ್ಧ ಲೀಟರೇ ಸಾಕು.

ಊರುಗೋಲು ಹಿಡಿಯುವವರಿಗೆ ಒಂದು ಕೈ ಬಿಡುವಾಗಿರುತ್ತದೆ. ಆ ಕೈ ಗೋಡೆ, ಬಾಗಿಲು ಹಿಡಿಯಲು ಬೇಕು. ಬಾಟಲಿಯನ್ನು ಎದೆಗೆ ಅಡ್ಡಲಾಗಿ ಹಾಕಿಕೊಳ್ಳುವ ಚೀಲದಲ್ಲಿ ಇಡಿ, ಮಕ್ಕಳು ಶಾಲೆಗೆ ನೀರಿನ ಬಾಟಲಿ ಹಾಕಿಕೊಂಡು ಹೋಗುವ ಹಾಗೆ. ಪಟ್ಟಿ ಗಿಡ್ಡವಾಗಿರಲಿ, ಕಾಲಿಗೆ ಬಡಿಯಬಾರದು.

ಅಡುಗೆಮನೆಯ ಟ್ರಾಲಿ ತಳ್ಳಿಕೊಂಡು ಹೋಗುವುದು ಕೆಲವರ ಅಭ್ಯಾಸ. ಹಗುರ ಟ್ರಾಲಿಗೆ ಮೈಭಾರ ಹಾಕಿದರೆ ಅದು ಮುಂದೆ ಓಡುತ್ತದೆ, ನಾವು ಹಿಂದೆ ಬೀಳುತ್ತೇವೆ. ನಡೆಯಲು ಆಸರೆ ಬೇಕಾದವರು ಅದಕ್ಕೆಂದೇ ಮಾಡಿದ, ಎತ್ತರ ಹೊಂದಿಸಬಹುದಾದ, ಗಟ್ಟಿ ಟ್ರಾಲಿಯನ್ನೇ, ಅದೂ ಫಿಸಿಯೋಥೆರಪಿಸ್ಟ್ ನೋಡಿ ಹೇಳಿದ ಮೇಲೆ ಬಳಸಬೇಕು.

ಲಕ್ವದಿಂದ ಒಂದು ಕೈ ಮಾತ್ರ ಕೆಲಸ ಮಾಡುವವರು, ಆದರೆ ಆಸರೆಯಿಲ್ಲದೆ ಸರಿಯಾಗಿ ನಡೆಯಬಲ್ಲವರು ಮೇಲೆ ಹಿಡಿಯಿರುವ ಟ್ರೇ ಬಳಸಬಹುದು. ಟರ್ಕಿಯಲ್ಲಿ ಚಹಾ ಒಯ್ಯುವವರು ಮೂರು ಕಂಬಿಗಳಿಂದ ನೇತಾಡುವ ತಟ್ಟೆಯನ್ನು ಬೀಸಿಕೊಂಡು ಬಜಾರಿನಲ್ಲಿ ನಡೆಯುತ್ತಾರೆ. ಹಿಡಿ ಮೇಲಿದ್ದರೆ ತಟ್ಟೆ ಲೋಲಕದ ಹಾಗೆ ತಾನೇ ವಾಲಿಕೊಂಡು ಲೋಟದೊಳಗಿನದನ್ನು ಕಾಪಾಡುತ್ತದೆ. ತಟ್ಟೆಯ ಮೇಲೆ ಜಾರದ ರಬ್ಬರ್ ಮ್ಯಾಟ್ ಇರಲಿ. ಆದರೆ ಲಕ್ವದ ನಂತರ ನುಂಗುವ ತೊಂದರೆ ಇದ್ದರೆ, ಮೂತಿಯಿರುವ ಲೋಟ ಅಥವಾ ಸ್ಟ್ರಾ ಕೊಡುವ ಮುನ್ನ ವೈದ್ಯರನ್ನೋ ಸ್ಪೀಚ್ ಥೆರಪಿಸ್ಟರನ್ನೋ ಕೇಳಿ. ನೀರು ಶ್ವಾಸಕೋಶಕ್ಕೆ ಹೋಗಬಹುದು.

ಕೈ ನಡುಗುವವರಿಗೆ ಎರಡು ಹಿಡಿಯ, ಸ್ವಲ್ಪ ಭಾರದ, ಮುಚ್ಚಳವಿರುವ ಮಗ್. ಅರ್ಧವೇ ತುಂಬಿಸಿ, ಬೇಕಾದರೆ ಎರಡನೆಯ ಸಲ. ವಡೋದರಾದ ದೊಡ್ಡಮ್ಮ ಈಗ ಹೀಗೇ ಕುಡಿಯುತ್ತಾರೆ. ಮೊದಲು "ಮಗು ಲೋಟ" ಎಂದು ಬೇಡವೆಂದರು. ಆಫೀಸಿನಲ್ಲಿ ನಾವೆಲ್ಲ ಕಂಪ್ಯೂಟರಿನ ಪಕ್ಕ ಇಟ್ಟುಕೊಳ್ಳುವ ಮುಚ್ಚಳದ ಮಗ್ ಒಯ್ದು ಕೊಟ್ಟೆ. "ಇದು ಆಫೀಸರ್ ಮಗ್" ಎಂದು ತೆಗೆದುಕೊಂಡರು.

ವೀಲ್‌ಚೇರ್ ಬಳಸುವವರು ಬಿಸಿ ಲೋಟವನ್ನು ತೊಡೆಗಳ ನಡುವೆ ಹಿಡಿದು ಎಂದೂ ಸಾಗಬಾರದು. ಬೆನ್ನುಹುರಿಗೆ ಪೆಟ್ಟಾದವರಿಗೆ ತೊಡೆ ಸುಟ್ಟರೂ ತಿಳಿಯುವುದಿಲ್ಲ. ಸೂರತ್‌ನ ನನ್ನ ಗೆಳತಿ ವೀಲ್‌ಚೇರ್‌ನಲ್ಲೇ ಇಡೀ ಮನೆ ನಡೆಸುತ್ತಾಳೆ. ಅವಳ ಕ್ರಮ ಹೀಗಿದೆ: ಮುಚ್ಚಿದ ಫ್ಲಾಸ್ಕ್ ಪಕ್ಕದ ಚೀಲದಲ್ಲಿ, ಖಾಲಿ ಲೋಟಗಳು ಅಂಚು ಎತ್ತರವಿರುವ ಟ್ರೇಯಲ್ಲಿ. ಬಾಲ್ಕನಿಯ ಜಾರುಬಾಗಿಲಿನ ಹಳಿ ದಾಟುವಾಗ ಆಗುವ ಕುಲುಕಾಟಕ್ಕೆ ಮುಚ್ಚಳವೇ ಮದ್ದು ಎನ್ನುತ್ತಾಳೆ.

ಬಿಸಿಯ ಬಗ್ಗೆ ಒಂದು ಮಾತು. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. 70 ಡಿಗ್ರಿಗೆ ಒಂದೇ ಸೆಕೆಂಡ್ ಸಾಕು. ವಯಸ್ಸಾದವರ ಚರ್ಮ ತೆಳು, ಬೇಗ ಸರಿದುಕೊಳ್ಳಲೂ ಆಗುವುದಿಲ್ಲ. ಆಕಸ್ಮಾತ್ ಬಿಸಿ ಬಿದ್ದರೆ ಬಳೆ, ಉಂಗುರ ತೆಗೆದು, ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿ. ಟೂತ್‌ಪೇಸ್ಟ್, ತುಪ್ಪ, ದೋಸೆ ಹಿಟ್ಟು, ಐಸ್ ಯಾವುದೂ ಬೇಡ. ಬೊಬ್ಬೆ ಬಂದರೆ ವೈದ್ಯರ ಬಳಿ ಹೋಗಿ, ಹೆಚ್ಚಾಗಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನು ಮನೆ. ಗುಜರಾತಿನ ಹಳೆಯ ಮನೆಗಳಲ್ಲಿ ಪಾಣಿಯಾರು ಎಂದು ನೀರಿನ ಮಡಕೆಗಳಿಗೇ ಒಂದು ಕಟ್ಟೆ ಇರುತ್ತಿತ್ತು. ಅದನ್ನು ನಾವು ಮತ್ತೆ ತರಬೇಕು, ಅಡುಗೆಮನೆಯಲ್ಲಲ್ಲ, ಹಿರಿಯರು ಕೂರುವ ಜಾಗದಲ್ಲಿ. ನಲ್ಲಿಯಿರುವ ಮಡಕೆ ಗಟ್ಟಿ ಸ್ಟ್ಯಾಂಡಿನ ಮೇಲೆ ಸೊಂಟದ ಎತ್ತರಕ್ಕಿರಲಿ. ಬಗ್ಗುವುದೂ ಬೇಡ, ಎತ್ತುವುದೂ ಬೇಡ. ಕೆಳಗೆ ಹನಿ ಹಿಡಿಯಲು ಬಟ್ಟಲು ಇಡಿ. ನಮ್ಮ ಮನೆಗಳ ನಯವಾದ ಕೋಟಾ ಕಲ್ಲಿನ ನೆಲಕ್ಕೆ ನಾಲ್ಕು ಹನಿ ಬಿದ್ದರೂ ಜಾರುತ್ತದೆ. ಓಡಾಡುವ ದಾರಿಯಲ್ಲಿ ಮುದುರುವ ಕಾಲೊರೆಸು, ಚಾರ್ಜರ್ ವೈರ್ ಇರಬಾರದು. ಹೊಸ್ತಿಲಿಗೆ ಕಾಣುವಂಥ ಬಣ್ಣದ ಪಟ್ಟಿ ಅಂಟಿಸಿ. ಬಾತ್‌ರೂಮಿನ ದಾರಿಗೆ ಬೆಳಕು, ಗೋಡೆಗೆ ಹಿಡಿ ಇದ್ದರೆ ನೀರು ಕುಡಿಯುವ ಭಯ ಅರ್ಧ ಹೋಗುತ್ತದೆ. ಹೀಂಚ್ಕೋ ನಮಗೂ ಈಗ ಪ್ರಿಯವೇ. ಆದರೆ ಬಿಸಿ ಚಹಾ ಕೈಯಲ್ಲಿದ್ದಾಗ ಅದರ ಮೇಲೆ ಕೂರುವುದು ಬೇಡ, ತೂಗುತ್ತಿರುವಾಗ ಅದರ ಮುಂದೆ ಹಾದು ಹೋಗುವುದೂ ಬೇಡ.

ನಮ್ಮ ಮನೆಯಲ್ಲಿ ಅತ್ತೆಯ ಕುರ್ಚಿಯ ಪಕ್ಕ ಒಂದು ಕಾಫಿ ಮೂಲೆ ಮಾಡಿದ್ದೇವೆ. ಬಗ್ಗಿಸದೆ ಒತ್ತಿದರೆ ನೀರು ಬರುವ ಪಂಪ್ ಫ್ಲಾಸ್ಕಿನಲ್ಲಿ ಬಿಸಿನೀರು, ಚಿಕ್ಕ ಬಾಟಲಿಯಲ್ಲಿ ಡಿಕಾಕ್ಷನ್, ಡಬ್ಬಿಯಲ್ಲಿ ಹಾಲಿನ ಪುಡಿ, ಸಕ್ಕರೆ. ಹಸಿ ಹಾಲು ಮಧ್ಯಾಹ್ನದವರೆಗೆ ಕೆಡುತ್ತದೆ ಎಂದು ಈ ವ್ಯವಸ್ಥೆ. ಒಂದು ವಾರ ತಣ್ಣೀರಿನಲ್ಲೇ ಅಭ್ಯಾಸ ಮಾಡಿದರು, ಆಮೇಲೆ ಬಿಸಿ. ಅರ್ಧ ಲೀಟರಿನ ಬಾಟಲಿಗಳಲ್ಲಿ ನೀರು, ಮಜ್ಜಿಗೆ ಕೈಗೆಟುಕುವಂತೆ ಇರುತ್ತವೆ. ಸಂಜೆ ಖಾಲಿ ಬಾಟಲಿ ಎಣಿಸುವ ಕೆಲಸ ಮಗನದು. ಹೃದಯ, ಕಿಡ್ನಿ ತೊಂದರೆ ಇರುವವರು ದಿನಕ್ಕೆ ಎಷ್ಟು ಕುಡಿಯಬೇಕು ಎಂಬುದನ್ನು ವೈದ್ಯರಲ್ಲೇ ಕೇಳಿ. ಹಾಲಿನ ಪುಡಿಯ ಕಾಫಿ ರುಚಿಯಿಲ್ಲ ಎಂದು ಅತ್ತೆ ಇಂದಿಗೂ ದೂರುತ್ತಾರೆ. ಆದರೂ ಪಕ್ಕದ ಮನೆಯ ಬೆನ್ ಈಗ ವಾರಕ್ಕೆ ಮೂರು ಮಧ್ಯಾಹ್ನ ಬರುತ್ತಾರೆ, ರಕಾಬಿಗೆ ಸುರಿದುಕೊಂಡು ಅದೇ ಕಾಫಿ ಕುಡಿಯುತ್ತಾರೆ.

ಇಂಥ ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಂಡವರು ನಾವು ಮೊದಲಿಗರಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು, ಸ್ವತಃ ಅಂಗವೈಕಲ್ಯದೊಂದಿಗೆ ಬದುಕುತ್ತಲೇ, 1959ರಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆ ಕಟ್ಟಿದರು. ಪಟ್ನಾದ ಶಾಲಿನಿ ಕುಮಾರಿ ಎಂಬ ಹುಡುಗಿ ತನ್ನ ಅಜ್ಜ ವಾಕರ್ ಹಿಡಿದು ಮೆಟ್ಟಿಲು ಹತ್ತಲಾಗದ್ದನ್ನು ನೋಡಿ ಕಾಲಿನ ಉದ್ದ ಹೊಂದಿಸುವ ವಾಕರ್ ಯೋಚಿಸಿದಳು. ಅವಳ ಯೋಚನೆಯನ್ನು ಗುರುತಿಸಿದ್ದು ಇಲ್ಲೇ ಗಾಂಧಿನಗರದ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್. ಮನೆಯಲ್ಲಿ ಕಣ್ಣುಬಿಟ್ಟು ನೋಡಿದ ಮಗುವಿಗೆ ಹೊಳೆದದ್ದು ಅದು. ನಿಮ್ಮ ಮನೆಕೆಲಸದವರ ಮನೆಯಲ್ಲೂ ಹಿರಿಯರಿರುತ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಊರುಗೋಲು, ವಾಕರ್, ವೀಲ್‌ಚೇರ್ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ ಎಂದು ಅವರಿಗೂ ತಿಳಿಸಿ.

ಕೊನೆಯದಾಗಿ ನಿಮ್ಮೆಲ್ಲರಿಗೂ ಒಂದು ಕೆಲಸ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಜೊತೆ ಅಡುಗೆಮನೆಯಿಂದ ಅವರ ಕುರ್ಚಿಯವರೆಗೆ ಒಮ್ಮೆ ನಡೆಯಿರಿ, ಅವರ ವೇಗದಲ್ಲೇ. ಎಲ್ಲಿ ನಿಂತರು, ಏನು ಹಿಡಿದರು, ಎಲ್ಲಿ ಹೆದರಿದರು ನೋಡಿ. ಆಮೇಲೆ "ನಾವಿಲ್ಲದಾಗ ಎಷ್ಟು ನೀರು ಕುಡೀತೀರಿ?" ಎಂದು ಕೇಳಿ. ಊರಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನಿಗೆ ವಿಡಿಯೋ ಕಾಲ್ ಮಾಡಿದಾಗ "ಊಟ ಆಯ್ತಾ" ಎನ್ನುವುದರ ಜೊತೆ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಬರುವ ಬೇಸಿಗೆಗೆ ಮುಂಚೆ ಮಾಡಿ.